ನಮ್ಮ ಇಲಿ ಯಾವುದು?

ಮಕ್ಕಳ ಸಂಗೀತ ನಾಟಕಕ್ಕೆ ಬರುವ ಪ್ರೇಕ್ಷಕರಷ್ಟು ಪಕ್ಷಪಾತಿಗಳು ಬೇರೆಲ್ಲೂ ಸಿಗಲಿಕ್ಕಿಲ್ಲ. ಮತ ಎಣಿಕೆಗೆ ಬಂದು ಕೂತ ಪಕ್ಷದ ಏಜೆಂಟರಿಗೂ ಎದುರಾಳಿ ಎಷ್ಟು ತೆಗೆದ ಎಂಬ ಕುತೂಹಲವಾದರೂ ಇರುತ್ತದೆ. ಇಲ್ಲಿ ಅದೂ ಇಲ್ಲ. ಸಭಾಂಗಣ ತುಂಬಿ ತುಳುಕುತ್ತಿದ್ದರೂ ಒಬ್ಬೊಬ್ಬರೂ ನೋಡುವುದು ಏಕಪಾತ್ರಾಭಿನಯವನ್ನೇ. ಮಿಕ್ಕ ಮಕ್ಕಳು ತಮ್ಮ ಮಗುವಿಗೆ ಅಡ್ಡ ನಿಲ್ಲಲೆಂದೇ ಬಂದವರು.

ಬೇಸಿಗೆ ಶಿಬಿರ ನಡೆಸುವ ಮೇಷ್ಟ್ರುಗಳಿಗೆ ಇದು ಚೆನ್ನಾಗಿ ಗೊತ್ತು. ಶುಲ್ಕ ಕಟ್ಟಿದ ಪ್ರತಿ ಮಗುವೂ ಕಡೆಯ ದಿನ ರಂಗದ ಮೇಲೆ ಕಾಣಿಸಬೇಕು, ಒಂದು ಸಾಲಾದರೂ ಹಾಡಬೇಕು. ಅಂಥವರ ಪಾಲಿಗೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ದೇವರು ಕೊಟ್ಟ ವರ. ಜೋಗಿ ಒಬ್ಬ, ಗೌಡ ಒಬ್ಬ, ಉಳಿದವರೆಲ್ಲ ಇಲಿಗಳು. ಎಷ್ಟು ಮಕ್ಕಳು ಸೇರಿದರೆ ಅಷ್ಟು ಇಲಿ. ಹೊಳೆಗೆ ಬಿದ್ದು ಸತ್ತ ಇಲಿಗಳೇ ಬಾಲ ಕಳಚಿಟ್ಟು ಊರಿನ ಮಕ್ಕಳಾಗಿ ಮತ್ತೆ ಬಂದರಾಯಿತು. ಈ ಕಥೆಗೆ ರಂಗಭೂಮಿಯ ಹಳೇ ನಂಟಿದೆ. ಇಂಗ್ಲೆಂಡಿನ ಪ್ರಸಿದ್ಧ ನಟ ಮೆಕ್ರೀಡಿಯ ಮಗ ವಿಲ್ಲಿ ಕಾಯಿಲೆ ಬಿದ್ದಿದ್ದಾಗ, ಅವನು ಚಿತ್ರ ಬರೆದುಕೊಂಡು ಹೊತ್ತು ಕಳೆಯಲಿ ಎಂದು ರಾಬರ್ಟ್ ಬ್ರೌನಿಂಗ್ ಈ ಕಥೆಯನ್ನು ಪದ್ಯವಾಗಿಸಿದ. 1842ರಲ್ಲಿ ಅದು ಅಚ್ಚಾಯಿತು. ಕುವೆಂಪು ಜರ್ಮನಿಯ ಹ್ಯಾಮೆಲಿನ್ ಪಟ್ಟಣವನ್ನು ತುಂಗಾತೀರಕ್ಕೆ ತಂದು ಬೊಮ್ಮನಹಳ್ಳಿ ಮಾಡಿದರು. ಅಂದಿನಿಂದ ನಮ್ಮ ಶಾಲೆಗಳ ಇಲಿಗಳೆಲ್ಲ ತುಂಗೆಯಲ್ಲೇ ಮುಳುಗುತ್ತಿವೆ.

ನನ್ನ ತಂಗಿಯ ಮೊಮ್ಮಗಳು ಈ ಬೇಸಿಗೆಯಲ್ಲಿ ಹಾಗೆ ಮುಳುಗಿದಳು. ಶನಿವಾರ ಒಂದು, ಭಾನುವಾರ ಒಂದು ಪ್ರದರ್ಶನ. ಎರಡಕ್ಕೂ ಹೋಗಿದ್ದೆ.

ಇಲಿಗಳಿಗೆಲ್ಲ ಒಂದೇ ವೇಷ: ಬೂದು ಬನಿಯನ್ನು, ರಟ್ಟಿನ ಕಿವಿ, ಹಳೇ ಸೀರೆ ಸುತ್ತಿ ಹೊಲಿದ ಬಾಲ, ಕೆನ್ನೆಗೆ ಐಬ್ರೋ ಪೆನ್ಸಿಲ್ಲಿನ ಮೀಸೆ. ತಾಯಂದಿರಿಗೂ ಗುರುತು ಸಿಗದಷ್ಟು ಚೆನ್ನಾಗಿತ್ತು. ಪರದೆ ಸರಿದು ಇಲಿಗಳು ಹಾಡುತ್ತಾ ನುಗ್ಗಿದ ಕೂಡಲೇ ಸಭಾಂಗಣದ ತುಂಬ ಒಂದೇ ಪ್ರಶ್ನೆ: “ನಮ್ಮದು ಯಾವುದೇ?” “ಎಡಗಡೆಯಿಂದ ಮೂರನೇದು ಕಣ್ರೀ.” ಎಡಗಡೆಯ ಮೂರನೇದು ಅಷ್ಟರಲ್ಲಿ ಬಲಗಡೆಗೆ ಓಡಿಯಾಗಿತ್ತು. ಅಪ್ಪಂದಿರು ಫೋನು ಎತ್ತಿ ಹಿಡಿದು ಎದ್ದು ನಿಂತರು. ಹಿಂದಿನ ಸಾಲಿನವರು “ಕೂತ್ಕೊಳ್ರೀ ಸ್ವಾಮಿ” ಎಂದು ಕೂಗುತ್ತಲೇ ತಾವೂ ಎದ್ದರು. ನನ್ನ ಪಕ್ಕದ ತಾಯಿಯೊಬ್ಬರು ಮಗಳ ಹಾಡನ್ನು ತುಟಿಯಲ್ಲೇ ಹಾಡುತ್ತಿದ್ದರು. ಮಗಳು ತಾಳ ತಪ್ಪಿದಾಗ ಅವರೂ ಜೊತೆಗೇ ತಪ್ಪಿದರು.

ಶನಿವಾರ ಒಂದು ಪುಟ್ಟ ಇಲಿಯ ಬಾಲ ಕಳಚಿ ಬಿತ್ತು. ಆರು ವರ್ಷದವನಿರಬೇಕು. ನಿಂತ, ಬಾಲವನ್ನು ನೋಡಿದ, ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಹಾಡು ಎಲ್ಲಿತ್ತೋ ಅಲ್ಲಿಗೇ ಸರಿಯಾಗಿ ಸೇರಿಕೊಂಡ. ಸಭಾಂಗಣ ಬಿದ್ದು ಬಿದ್ದು ನಕ್ಕಿತು, ಚಪ್ಪಾಳೆ ಹೊಡೆಯಿತು. ನಗು ಬಂದದ್ದು ಯಾಕೆಂದು ಒಂದು ಗಳಿಗೆ ತಿಳಿಯದೆ, ಆಮೇಲೆ ತಿಳಿದು, ಅವನ ಮುಖ ಅರಳಿದ್ದನ್ನು ನಾನು ನೋಡಿದೆ. ಭಾನುವಾರ ಅದೇ ಹಾಡಿನ ಅದೇ ಸಾಲಿಗೆ ಅವನು ಕೈ ಹಿಂದೆ ಮಾಡಿ ಬಾಲವನ್ನು ತಾನೇ ಕಿತ್ತ. ಎತ್ತಿ ಹಿಡಿದು ತೋರಿಸಿದ. ಒಬ್ಬರೂ ನಗಲಿಲ್ಲ. ಬಾಲ ಹಿಡಿದುಕೊಂಡು ಸುಮ್ಮನೆ ನಮ್ಮನ್ನೇ ನೋಡುತ್ತಾ ನಿಂತ. ವಿಂಗಿನಿಂದ “ಹಾಡೋ, ಹಾಡೋ” ಎಂದು ಮೇಷ್ಟ್ರು ಪಿಸುಗುಟ್ಟಿದ್ದು ಮೂರನೇ ಸಾಲಿಗೂ ಕೇಳಿಸಿತು.

ಮಕ್ಕಳನ್ನು ಪ್ರೇಕ್ಷಕರ ಮುಂದೆ ನಿಲ್ಲಿಸಲೇಬಾರದು ಎಂದು ವಾದಿಸಿದವರು ಇದ್ದಾರೆ. ಇಂಗ್ಲೆಂಡಿನ ಪೀಟರ್ ಸ್ಲೇಡ್ 1954ರಲ್ಲಿ ‘ಚೈಲ್ಡ್ ಡ್ರಾಮಾ’ ಎಂಬ ಪುಸ್ತಕವನ್ನೇ ಬರೆದರು. ನಾಟಕವೆಂಬುದು ಮಕ್ಕಳ ಆಟ, ನೋಡುಗರು ಬಂದು ಕೂತರೆ ಆಟ ಕೆಟ್ಟು ಪ್ರದರ್ಶನವಾಗುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ಭಾನುವಾರದ ಬಾಲ ನೋಡಿದ್ದರೆ ಸ್ಲೇಡ್ ಸಾಹೇಬರು “ನಾನು ಹೇಳಿರಲಿಲ್ಲವೇ” ಎನ್ನುತ್ತಿದ್ದರು.

ಆದರೆ ನಮ್ಮ ಕಡೆ ಪ್ರೇಕ್ಷಕನ ದಾರಿ ಯಾವಾಗಲೂ ಬೇರೆ. ಕಂಪನಿ ನಾಟಕದ ಕಾಲದಲ್ಲಿ ಅವನು ಸುಮ್ಮನೆ ಕೂತವನೇ ಅಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ಮಂಡಳಿಗಳ ರಂಗಗೀತೆಗಳಿಗೆ ಅವನು “ಒನ್ಸ್ ಮೋರ್” ಎಂದರೆ ಮತ್ತೆ ಹಾಡಲೇಬೇಕು. ಸತ್ತು ಬಿದ್ದ ಪಾತ್ರಧಾರಿ ಎದ್ದು ಕೂತು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸತ್ತ ಕಥೆಗಳನ್ನು ಹಿರಿಯರು ಹೇಳುತ್ತಿದ್ದರು. ಹುಡುಗನಾಗಿದ್ದಾಗಲೇ ಆ ಗುಬ್ಬಿ ಕಂಪನಿ ಸೇರಿದ ಬಿ.ವಿ. ಕಾರಂತರು ಮುಂದೆ ಮಕ್ಕಳಿಗಾಗಿ ‘ಪಂಜರಶಾಲೆ’ಯಂಥ ನಾಟಕ ಮಾಡಿದರು. ಅವರ ಪತ್ನಿ ಪ್ರೇಮಾ ಕಾರಂತರು 1979ರಲ್ಲಿ ಬೆನಕ ಮಕ್ಕಳ ಕೇಂದ್ರ ಕಟ್ಟಿದರು. ನೋಡುವವರಿಲ್ಲದ ನಾಟಕವನ್ನು ಈ ಪರಂಪರೆ ಯೋಚಿಸಲೂ ಆರದು. ಹಳೇ ಪ್ರೇಕ್ಷಕ ಒನ್ಸ್ ಮೋರ್ ಕೂಗುತ್ತಿದ್ದದ್ದು ಹಾಡಿಗೆ. ನಾವು ಕೂಗಿದ್ದು ಕಳಚಿದ ಬಾಲಕ್ಕೆ. ಹುಡುಗ ನಮ್ಮಿಂದ ಕಲಿತದ್ದನ್ನೇ ಮರುದಿನ ಒಪ್ಪಿಸಿದ.

ಇಡೀ ಸಭಾಂಗಣದಲ್ಲಿ ನಾಟಕವನ್ನು ನಾಟಕವಾಗಿ ನೋಡಿದವನು ಒಬ್ಬನೇ. ಮುಂದಿನ ಸಾಲಿನಲ್ಲಿ ತಾತನ ತೊಡೆಯ ಮೇಲೆ ಕೂತಿದ್ದ ನಾಲ್ಕು ವರ್ಷದ ಪೋರ. ಅಕ್ಕ ರಂಗದ ಮೇಲಿದ್ದಳು. ಇಲಿಗಳೆಲ್ಲ ಸತ್ತ ಮೇಲೆ ಗೌಡ ಕೊಟ್ಟ ಮಾತು ಮರೆತು ಜೋಗಿಯನ್ನು ಬರಿಗೈಯಲ್ಲಿ ಕಳಿಸಲು ನೋಡಿದಾಗ ಈ ಪೋರ ಎದ್ದು ನಿಂತು “ದುಡ್ಡು ಕೊಡೋ!” ಎಂದು ಅರಚಿದ. ಗೌಡನ ಪಾತ್ರದ ಹುಡುಗ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ. ಬ್ರೌನಿಂಗನ ಪದ್ಯದಲ್ಲಿ ಸಾವಿರ ಗಿಲ್ಡರಿಗೆ ಒಪ್ಪಿ ಐವತ್ತಕ್ಕೆ ಇಳಿಯುವ ಮೇಯರನಿಗೆ ಇಂಥವನೊಬ್ಬ ಎದುರಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸರ್ಕಾರಿ ಕಾಮಗಾರಿಯ ಗುತ್ತಿಗೆದಾರರಾದ ಅವನ ತಾತ ಮೊಮ್ಮಗನನ್ನು ಕೂರಿಸಿಕೊಳ್ಳುತ್ತಾ, “ಬಿಲ್ಲು ಪಾಸಾಗೋದು ಅಷ್ಟು ಸುಲಭ ಅಲ್ಲಪ್ಪ” ಎಂದರು.

ಕಡೆಗೆ ಜೋಗಿ ಕಿಂದರಿ ಬಾರಿಸುತ್ತಾ ರಂಗದಿಂದ ಇಳಿದು ನಡುದಾರಿಯಲ್ಲಿ ಹೊರಟ. ಊರಿನ ಮಕ್ಕಳೆಲ್ಲ ಅವನ ಹಿಂದೆ ಹಾಡುತ್ತಾ ಕುಣಿಯುತ್ತಾ ಬಾಗಿಲ ಕಡೆ ನಡೆದರು. ಹಿರಿಯರ ಮಾತಿಗೆ ನಿಯತ್ತಿಲ್ಲದ ಊರು ಮಕ್ಕಳನ್ನು ಕಳೆದುಕೊಳ್ಳುವ ಎದೆ ಒಡೆಯುವ ಗಳಿಗೆ ಅದು. ಸಭಾಂಗಣದ ತಂದೆತಾಯಂದಿರು ಮಾತ್ರ ಖುಷಿಯಿಂದ ಕೈಬೀಸುತ್ತಿದ್ದರು. “ಇಲ್ಲಿ ನೋಡು ಪುಟ್ಟಿ, ಇಲ್ಲಿ, ಇಲ್ಲಿ!” ಪುಟ್ಟಿ ನೋಡಲಿಲ್ಲ. ಅವಳು ಮಾಯವಾಗುವ ಕೆಲಸದಲ್ಲಿದ್ದಳು. ಅತ್ತದ್ದು ಆ ಪೋರ ಒಬ್ಬನೇ: “ಅಕ್ಕ ಇನ್ನು ಬರಲ್ವಾ ತಾತ?”

ಆಟ ಮುಗಿದ ಮೇಲೆ ಹೊರಗೆ ಪ್ರಶಂಸೆಯ ಸುರಿಮಳೆ. “ಸೂಪರ್ ಕಂದ!” “ನಮ್ಮ ಮನೆ ದೃಷ್ಟಿಯೇ ತಗುಲುತ್ತೆ.” “ಮೇಕಪ್ಪು ಸ್ವಲ್ಪ ಜಾಸ್ತಿಯಾಯ್ತು.” ನಮ್ಮವಳು ಅಜ್ಜಿಯ ಮುತ್ತು, ಚಿಕ್ಕಪ್ಪನ ಚಾಕಲೇಟು ಎಲ್ಲ ವಸೂಲಿ ಮಾಡಿಕೊಂಡು ನನ್ನ ಹತ್ತಿರ ಬಂದಳು. ಕೆನ್ನೆಯ ಮೀಸೆ ಬೆವರಿಗೆ ಕರಗಿ ಕಿವಿಯ ತನಕ ಹರಿದಿತ್ತು.

“ತಾತ, ನಾನು ಮುಳುಗಿದ್ದು ನೋಡಿದ್ಯಾ?”

“ನೋಡಿದೆ. ಎರಡು ಸಲ ತಲೆ ಎತ್ತಿದೆ.”

“ಮೂರನೇ ಸಲ?”

“ತಲೆ ಬರಲಿಲ್ಲ. ಕೈ ಮಾತ್ರ ಬಂತು.”

“ಹೂಂ! ಮೇಷ್ಟ್ರು ಎರಡೇ ಸಲ ಅಂತ ಹೇಳಿದ್ರು. ಕೈ ನಾನೇ ಸೇರಿಸಿದ್ದು.”

ಅಜ್ಜಿಯ ಮುತ್ತಿಗೂ ಹಾಗೆ ಹಿಗ್ಗಿರಲಿಲ್ಲ ಅವಳು. ಸ್ಲೇಡ್ ಸಾಹೇಬರ ಪುಸ್ತಕಕ್ಕೆ ನನ್ನ ತಕರಾರು ಇಷ್ಟೇ: ಆಟ ಕೆಡಿಸುವುದು ಪ್ರೇಕ್ಷಕ ಅಲ್ಲ, ಮಗುವನ್ನು ನೋಡುತ್ತಾ ಇಲಿಯನ್ನು ನೋಡದೆ ಹೋಗುವ ಪ್ರೇಕ್ಷಕ. ಮಕ್ಕಳಿಗೆ ಬೇಕಿರುವುದು ತಮ್ಮ ಕೆಲಸವನ್ನು ನೋಡಿ ಲೆಕ್ಕ ಒಪ್ಪಿಸುವ ಒಂದು ಸಾಕ್ಷಿ. ಬಾಲ ಕಿತ್ತ ಹುಡುಗನಿಗೂ ಶನಿವಾರವೇ ಯಾರಾದರೂ “ತಾಳ ಬಿಡದೆ ಸೇರಿಕೊಂಡೆಯಲ್ಲ, ಭೇಷ್” ಎಂದಿದ್ದರೆ ಭಾನುವಾರ ಬಾಲ ಅದರ ಜಾಗದಲ್ಲೇ ಇರುತ್ತಿತ್ತು.

ಉತ್ಸಾಹದಲ್ಲಿ ಮೇಷ್ಟ್ರನ್ನು ಹಿಡಿದು ಒಂದು ಸಲಹೆಯನ್ನೂ ಕೊಟ್ಟೆ. ಮುಂದಿನ ವರ್ಷದ ಆಮಂತ್ರಣ ಪತ್ರಿಕೆಯಲ್ಲಿ, ‘ದಯವಿಟ್ಟು ನಿಮ್ಮದಲ್ಲದ ಒಂದು ಇಲಿಯನ್ನಾದರೂ ನೋಡಿ’ ಎಂದು ಅಚ್ಚು ಹಾಕಿಸಿ ಎಂದೆ.

ಬಾಲಗಳನ್ನೆಲ್ಲ ಎಣಿಸಿ ಗೋಣಿಚೀಲಕ್ಕೆ ತುಂಬುತ್ತಿದ್ದ ಅವರು ತಲೆ ಎತ್ತದೆ ಹೇಳಿದರು: “ಹಾಕ್ಸೋಣ ಸಾರ್. ಆದ್ರೆ ಪತ್ರಿಕೆ ಯಾರು ಓದ್ತಾರೆ? ತಮ್ಮ ಮಗು ಹೆಸರು ಸರಿಯಾಗಿ ಬಂದಿದ್ಯಾ ಅಂತ ನೋಡ್ತಾರೆ, ಮಡಚಿ ಇಟ್ಕೋತಾರೆ.”