ಏಪ್ರಿಲ್‌ನಲ್ಲಿ ಉಪ್ಪಾದ ಬಾವಿ

2023ರ ಏಪ್ರಿಲ್‌ನ ಒಂದು ಬೆಳಿಗ್ಗೆ ಪಕ್ಕದ ಮನೆಯ ಕಾಕಿ ಕೈಯಲ್ಲಿ ಚಹಾದ ಲೋಟ ಹಿಡಿದುಕೊಂಡೇ ನಮ್ಮ ಅಂಗಳಕ್ಕೆ ಬಂದಳು. "ಒಂದು ಗುಟುಕು ಕುಡಿದು ನೋಡೇ" ಎಂದು ಆಯಿಯ ಕೈಗೆ ಕೊಟ್ಟಳು. ಆಯಿ ಕುಡಿದಳು. ಏನೂ ಹೇಳದೆ ಲೋಟವನ್ನು ನಮ್ಮ ಕಡೆ ಚಾಚಿದಳು. ಚಹಾ ಉಪ್ಪಾಗಿತ್ತು. ಸಕ್ಕರೆಯ ಹಿಂದೆ ಸಣ್ಣಗೆ, ಆದರೆ ಖಂಡಿತವಾಗಿ ಉಪ್ಪು.

ಕಾಕಿ ಜಗಳವಾಡಲಿಲ್ಲ. ನಮ್ಮ ತರಕಾರಿ ಹಿತ್ತಲನ್ನು ಒಮ್ಮೆ, ಬಾವಿಕಟ್ಟೆಯ ಮೇಲಿದ್ದ ಮೋಟರನ್ನು ಒಮ್ಮೆ ನೋಡಿ ಹೋದಳು. ಆ ಬಾವಿ ನಮ್ಮ ಜಾಗದಲ್ಲಿದ್ದರೂ ಅಜ್ಜನ ಕಾಲದಿಂದ ಮೂರು ಮನೆಗಳಿಗೆ ಕುಡಿಯುವ ನೀರು ಅದರದ್ದೇ.

ನಾವು ಅಂದರೆ ಅಕ್ಕ-ತಂಗಿ ಇಬ್ಬರು. ಒಬ್ಬಳಿಗೆ ಕಾರವಾರದಲ್ಲಿ ಕೆಲಸ, ಇನ್ನೊಬ್ಬಳಿಗೆ ಅಂಕೋಲೆಯಲ್ಲಿ. ಮನೆ ಇರುವುದು ಎರಡರ ನಡುವೆ, ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿಯುವ ರಸ್ತೆಯಲ್ಲಿ. ರಾತ್ರಿ ಬಾಗಿಲು ಹಾಕಿದರೂ ತೆರೆಯ ಸದ್ದು ಕೇಳುತ್ತದೆ. ಮನೆಯ ಹಿಂದೆ ಐದು ಗುಂಟೆ ಜಾಗ, ಪೂರ್ತಿ ಮರಳುಮಣ್ಣು. ನೀರು ಹೊಯ್ದರೆ ಹೊಯ್ದಷ್ಟೂ ಕುಡಿಯುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಬಾಯಿ ಬಿಡುತ್ತದೆ.

ನಮ್ಮ ಕರಾವಳಿಯನ್ನು ಹಸಿರು ಎನ್ನುವವರು ಬಹುಶಃ ಆಗಸ್ಟ್‌ನಲ್ಲಿ ಬಂದು ಹೋದವರು. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ ನಿಜ. ಆದರೆ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನಾಲ್ಕೇ ತಿಂಗಳಲ್ಲಿ. ದೀಪಾವಳಿ ಕಳೆದ ಮೇಲೆ ಆಕಾಶ ನಮ್ಮನ್ನು ಮರೆತುಬಿಡುತ್ತದೆ. ಶಾರ್ಜಾದಲ್ಲಿರುವ ದೊಡ್ಡಪ್ಪನ ಮಗ ವಿಡಿಯೋ ಕಾಲ್ ಮಾಡಿದಾಗೆಲ್ಲ ತನ್ನ ಬಾಲ್ಕನಿಯ ಟೊಮೇಟೊ ತೋರಿಸುತ್ತಾನೆ. ವರ್ಷಕ್ಕೆ ನೂರು ಮಿಲಿಮೀಟರ್ ಮಳೆ ಬಂದರೆ ದೊಡ್ಡದು ಎನ್ನುವ ಊರು ಅದು. ಅವನ ತೋಟ ಅಕ್ಟೋಬರ್‌ನಲ್ಲಿ ಶುರುವಾಗಿ ಏಪ್ರಿಲ್‌ಗೆ ಮುಗಿಯುತ್ತದೆ. "ಬೇಸಿಗೆಯಲ್ಲಿ ಏನನ್ನೂ ನೆಡುವುದಿಲ್ಲ, ಇದ್ದದ್ದನ್ನು ಉಳಿಸಿಕೊಂಡರೆ ಸಾಕು" ಎನ್ನುತ್ತಾನೆ. ನಮ್ಮ ತೋಟದ ಕ್ಯಾಲೆಂಡರೂ ಹೆಚ್ಚುಕಡಿಮೆ ಅದೇ ಎಂದು ಗೊತ್ತಾಗಲು ನಮಗೆ ಬಾವಿ ಉಪ್ಪಾಗಬೇಕಾಯಿತು.

ಅಜ್ಜಿಯ ಕ್ಯಾಲೆಂಡರಿನಲ್ಲಿ ತಿಂಗಳುಗಳಿರಲಿಲ್ಲ, ಮಳೆಗಳಿದ್ದವು. ರೋಹಿಣಿ ಮಳೆಯ ಹೊತ್ತಿಗೆ, ಅಂದರೆ ಮೇ ಕೊನೆಗೆ, ಹೀರೆ, ಹಾಗಲ, ಪಡವಲ, ಮೊಗೆಕಾಯಿ, ಬೆಂಡೆಯ ಬೀಜ ಬೀಳಬೇಕು. ಅರಿಶಿನ, ಕೆಸು, ಸುವರ್ಣಗಡ್ಡೆ ಆಗಲೇ ಮಣ್ಣಲ್ಲಿರಬೇಕು. ಆರಿದ್ರಾ ಮಳೆ ಹೊಡೆಯುವಷ್ಟರಲ್ಲಿ ಬಳ್ಳಿ ಚಪ್ಪರಕ್ಕೆ ಹತ್ತಿರಬೇಕು, ಇಲ್ಲವಾದರೆ ಬೇರು ಕೊಳೆಯುತ್ತದೆ. ಹಾಗೆ ಮಾಡಿದರೆ ಚೌತಿಗೆ ಗಣಪತಿಯ ಮೇಲೆ ಕಟ್ಟುವ ಫಲಾವಳಿಗೆ ಪೇಟೆಯಿಂದ ಏನೂ ತರಬೇಕಿಲ್ಲ. ಮಳೆ ಹಿಂದೆ ಸರಿದ ಮೇಲೆ ಎರಡನೆಯ ತೋಟ: ಹರಿವೆ, ಮೂಲಂಗಿ, ಬದನೆ, ಮೆಣಸು, ಗೆಣಸು, ಅಲಸಂದೆ. ಇದು ಮಾರ್ಚ್‌ವರೆಗೆ. ಆಮೇಲೆ ಬಾವಿಯ ಹತ್ತಿರ ನಾಲ್ಕು ಬಸಳೆ ಬುಡ, ಒಂದು ಮಡಿ ಹರಿವೆ, ಅಷ್ಟೇ. ಉಳಿದ ಜಾಗಕ್ಕೆ ದರಕು ಹಾಸಿ ಸುಮ್ಮನಿರುತ್ತಿದ್ದಳು. ಏಪ್ರಿಲ್-ಮೇ ತಿಂಗಳು ತೆಂಗಿನಮರಕ್ಕೂ, ಕರಿ ಈಶಾಡ ಮಾವಿನ ಮರಕ್ಕೂ ಬಿಟ್ಟದ್ದು. ತೆಳು ಸಿಪ್ಪೆಯ, ಕೈಯಲ್ಲಿ ಹಿಡಿದರೇ ರಸ ಬಿಡುವ ಆ ಅಂಕೋಲೆಯ ಹಣ್ಣಿಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ನಮ್ಮ ಬಾವಿ ಕೆಟ್ಟದ್ದೂ ಅದೇ ವರ್ಷ.

ಕೆಟ್ಟದ್ದು ತಾನಾಗಿ ಅಲ್ಲ, ನಾವು ಕೆಡಿಸಿದ್ದು.

2020ರ ಲಾಕ್‌ಡೌನ್‌ನಲ್ಲಿ ಇಬ್ಬರೂ ಮನೆಯಲ್ಲಿ ಕೂತಾಗ ತೋಟದ ಹುಚ್ಚು ಹತ್ತಿತು. ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು, ಹಿತ್ತಲು ಹಾಳು ಬಿದ್ದಿತ್ತು. ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಐದು ಗುಂಟೆಯನ್ನೂ ಅಗೆದೆವು. ಬೀನ್ಸ್, ಕ್ಯಾಪ್ಸಿಕಂ, ಟೊಮೇಟೊ ಹೀಗೆ ಅಜ್ಜಿ ನೆಡದಿದ್ದದ್ದನ್ನೆಲ್ಲ ನೆಟ್ಟೆವು. ಆಯಿಗೆ ಸೊಂಟನೋವು, ನಮಗೆ ಪುರುಸೊತ್ತಿಲ್ಲ ಎಂದು ರಾಟೆ ತೆಗೆದು ಒಂದು ಎಚ್‌ಪಿ ಮೋಟರು ಕೂರಿಸಿದೆವು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಬೇಸಿಗೆಯಲ್ಲೂ ಹಸಿರು ಕಾಣುವ ಹಿತ್ತಲಿನ ಫೋಟೊವನ್ನು ಎಲ್ಲರಿಗೂ ಕಳಿಸಿದೆವು. ಕಾಕಿಯ ಮನೆಗೂ ಬುಟ್ಟಿ ತುಂಬಿ ಕೊಟ್ಟೆವು.

ಲೆಕ್ಕ ಹಾಕಿದ್ದು ಆಮೇಲೆ. ಅಜ್ಜಿ ದಿನಕ್ಕೆ ಮೂವತ್ತು ಕೊಡ ಸೇದುತ್ತಿದ್ದಳು, ಅಂದರೆ ಸುಮಾರು 450 ಲೀಟರ್. ಮೋಟರು ಗಂಟೆಗೆ ಮೂರು ಸಾವಿರ ಲೀಟರ್‌ನಂತೆ ದಿನಕ್ಕೆ ಆರು ಸಾವಿರ ಎತ್ತುತ್ತಿತ್ತು. ಹದಿಮೂರು ಪಟ್ಟು!

ಸಮುದ್ರದ ಬದಿಯ ಬಾವಿಗೆ ಇದು ಯಾಕೆ ಆಗದು ಎನ್ನುವುದನ್ನು ನೂರು ವರ್ಷಕ್ಕೂ ಹಿಂದೆಯೇ ಹಾಲೆಂಡಿನ ಬಾಡನ್ ಗೈಬೆನ್ ಮತ್ತು ಜರ್ಮನಿಯ ಹರ್ಜ್‌ಬರ್ಗ್ ಬೇರೆಬೇರೆಯಾಗಿ ಕಂಡುಕೊಂಡಿದ್ದರು. ಸಿಹಿನೀರು ಹಗುರ, ಉಪ್ಪುನೀರು ಭಾರ. ಮರಳಿನೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರುತ್ತದೆ. ಮೇಲಿನ ಆ ಒಂದು ಅಡಿಯನ್ನು ನಾವು ಎಳೆದುಕೊಂಡೆವೋ, ಕೆಳಗಿನ ಉಪ್ಪು ನಿಧಾನಕ್ಕೆ ನಲವತ್ತು ಅಡಿ ಮೇಲೇರಲು ಹೊರಡುತ್ತದೆ. ಅಜ್ಜಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಆದರೆ ಏಪ್ರಿಲ್‌ನಲ್ಲಿ ಬಾವಿಯ ತಳ ಕಲಕಬಾರದು ಎನ್ನುವುದು ಗೊತ್ತಿತ್ತು.

ಬಾವಿಗಿಂತ ಮೊದಲು ಗಿಡಗಳು ಹೇಳಿದ್ದವು. ಮಾರ್ಚ್‌ನಲ್ಲೇ ಬೀನ್ಸ್‌ನ ಎಲೆಯಂಚು ಸುಟ್ಟ ಕಾಗದದಂತಾಗಿತ್ತು. ನಾವು ಬಿಸಿಲು ಹೆಚ್ಚಾಯಿತು ಎಂದುಕೊಂಡು ಇನ್ನೂ ಹತ್ತು ನಿಮಿಷ ಜಾಸ್ತಿ ಮೋಟರು ಓಡಿಸಿದೆವು. ಅಂದರೆ ಉಪ್ಪಿಗೆ ಉಪ್ಪುನೀರನ್ನೇ ಔಷಧಿಯಾಗಿ ಹೊಯ್ದೆವು.

ಚಹಾದ ಲೋಟ ಬಂದ ದಿನವೇ ಮೋಟರು ನಿಲ್ಲಿಸಿದೆವು. ಅದರಿಂದ ಬಾವಿಯೇನೂ ಸಿಹಿಯಾಗಲಿಲ್ಲ. ಆ ವರ್ಷ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ. ಅಷ್ಟು ದಿನ ಮೂರೂ ಮನೆಗೆ ಕುಡಿಯುವ ನೀರನ್ನು ಊರ ಮೇಲಿನ ಬಾವಿಯಿಂದ ಸ್ಕೂಟರಿನಲ್ಲಿ ತಂದೆವು. ಕೆಲಸಕ್ಕೆ ಹೋಗುವ ಮೊದಲು ಎರಡು ಸಲ, ಬಂದ ಮೇಲೆ ಎರಡು ಸಲ. ಕಾಕಿಯ ಮನೆಯ ಕ್ಯಾನನ್ನು ಮೊದಲು ಇಳಿಸುತ್ತಿದ್ದೆವು. ಆಕೆ "ಇರಲಿ ಬಿಡ್ರೇ" ಎನ್ನುತ್ತಿದ್ದಳು. ಆ "ಇರಲಿ ಬಿಡ್ರೇ" ಬೈಗುಳಕ್ಕಿಂತ ಜೋರಾಗಿ ತಾಗುತ್ತಿತ್ತು. ಹಿತ್ತಲು ಪೂರ್ತಿ ಒಣಗಿತು. ತೆಂಗು ಮತ್ತು ಮಾವು ಮಾತ್ರ ಏನೂ ಆಗದವರಂತೆ ನಿಂತಿದ್ದವು.

ಆ ಮೇ ತಿಂಗಳಲ್ಲಿ ಕಾರವಾರದ ಭಾನುವಾರದ ಸಂತೆಯಲ್ಲಿ ಬೀಜ ಕೊಳ್ಳುವಾಗ ಸೊಪ್ಪು ಮಾರುತ್ತಿದ್ದ ಹಾಲಕ್ಕಿ ಅಜ್ಜಿಯೊಬ್ಬಳ ಹತ್ತಿರ ಇದನ್ನೆಲ್ಲ ಹೇಳಿಕೊಂಡೆವು. ಕೊರಳ ತುಂಬ ಮಣಿಸರ ಹಾಕಿದ್ದ ಆಕೆ ನಕ್ಕಳು. "ತಂಗೀ, ಬಾವಿ ನೋಡ್ಕಂಡು ತೋಟ ಮಾಡ್ಬೇಕು. ತೋಟ ನೋಡ್ಕಂಡು ಬಾವಿ ಅಲ್ಲ" ಎಂದು ಹರಿವೆ ಬೀಜವನ್ನು ಕಾಗದದಲ್ಲಿ ಕಟ್ಟಿಕೊಟ್ಟಳು. ಈ ಕಡೆಯ ಪೇಟೆಗಳಿಗೆ ತಲೆತಲಾಂತರದಿಂದ ತರಕಾರಿ ಹೊತ್ತು ತಂದ ಸಮುದಾಯದ ಹೆಂಗಸು. ನಾವು ಮೊಬೈಲಿನಲ್ಲಿ ಹುಡುಕುವ ಮೊದಲು ಇವರ ಹತ್ತಿರ ಕೇಳಬಹುದಿತ್ತು.

ಈಗ ನಮ್ಮ ಕ್ರಮ ಹೀಗಿದೆ. ಮಳೆಗಾಲದ ಚಪ್ಪರ ಅಜ್ಜಿಯ ಕಾಲದಂತೆಯೇ. ಮಾಡಿನ ನೀರನ್ನು ಬಾವಿಯ ಪಕ್ಕದ ಇಂಗುಗುಂಡಿಗೆ ತಿರುಗಿಸಿದ್ದೇವೆ. ಸಾವಿರ ಚದರಡಿ ಮಾಡಿನ ಮೇಲೆ ಇಲ್ಲಿಯ ಮಳೆ ಬಿದ್ದರೆ ವರ್ಷಕ್ಕೆ ಸುಮಾರು 2.8 ಲಕ್ಷ ಲೀಟರ್ ಆಗುತ್ತದೆ. ಇದರಿಂದ ಎಲ್ಲ ಸರಿಹೋಯಿತು ಎಂದು ಹೇಳುವಂತಿಲ್ಲ. ಮರಳಿನಲ್ಲಿ ಇಂಗಿದ ನೀರು ನಿಲ್ಲುವುದಿಲ್ಲ, ಹೆಚ್ಚಿನದು ಒಳಗಿಂದೊಳಗೇ ಸಮುದ್ರ ಸೇರುತ್ತದೆ. ಉಳಿತಾಯ ಇರುವುದು ಎತ್ತುವುದನ್ನು ಕಡಿಮೆ ಮಾಡುವುದರಲ್ಲೇ.

ಹಾಗಾಗಿ ಚಳಿಗಾಲದ ತೋಟವನ್ನು ಎರಡು ಗುಂಟೆಗೆ ಇಳಿಸಿದೆವು. ಮಡಿಯ ಕೆಳಗೆ ತೆಂಗಿನ ಸಿಪ್ಪೆಯನ್ನು ಅಂಗಾತ ಹುಗಿದು ಮೇಲೆ ಸಗಣಿ ಗೊಬ್ಬರ, ಮಣ್ಣು. ಸಿಪ್ಪೆ ನೀರು ಹೀರಿಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ. ಮೇಲೆ ನಾಲ್ಕು ಬೆರಳು ದಪ್ಪ ದರಕು. ಇನ್ನೊಂದು ಉಪಾಯ ಶಾರ್ಜಾದಿಂದ ಬಂತು. ಅಣ್ಣ ಎಸಿಯಿಂದ ತೊಟ್ಟಿಕ್ಕುವ ನೀರನ್ನು ಹಿಡಿದು, ಕುಂಡದೊಳಗೆ ಹುಗಿದ ಸಣ್ಣ ಮಣ್ಣಿನ ಗಡಿಗೆಗೆ ತುಂಬುತ್ತಾನೆ. ಗಡಿಗೆ ಬೆವರಿ ಬೇರಿಗೆ ನೀರುಣಿಸುತ್ತದೆ, ಬಿಸಿಲಿಗೆ ಏನೂ ಹೋಗುವುದಿಲ್ಲ. ನಾವು ಐದೈದು ಲೀಟರಿನ ಹನ್ನೆರಡು ಗಡಿಗೆ ತಂದು ಬದನೆ, ಮೆಣಸಿನ ನಡುವೆ ಕುತ್ತಿಗೆವರೆಗೆ ಹುಗಿದೆವು. ಮೂರು ದಿನಕ್ಕೊಮ್ಮೆ ತುಂಬಿ ಬಾಯಿಗೆ ಕರಟ ಮುಚ್ಚುತ್ತೇವೆ. ಎಲ್ಲ ಸೇರಿ ಅರವತ್ತು ಲೀಟರ್. ಬಸಳೆಗೂ ಹರಿವೆಗೂ ಕೊಡದಲ್ಲೇ ನೀರು. ಏಪ್ರಿಲ್ ಬಂದರೆ ಹೊಸದೇನನ್ನೂ ನೆಡುವುದಿಲ್ಲ.

ಅಂಕೋಲೆಯವರಿಗೆ ಉಪ್ಪೆಂದರೆ ಹೆಮ್ಮೆಯ ಮಾತು. 1930ರ ಏಪ್ರಿಲ್ 13ರಂದು ಇಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಶಾಲೆಯಲ್ಲಿ ಅದನ್ನು ಹೇಳುವಾಗ ನಮ್ಮೆಲ್ಲರ ಎದೆ ಉಬ್ಬುತ್ತಿತ್ತು. ಈಗ ಏಪ್ರಿಲ್‌ನಲ್ಲಿ ಉಪ್ಪು ಅಂದರೆ ನಮ್ಮ ಎದೆ ಬೇರೆ ಕಾರಣಕ್ಕೆ ಹೊಡೆದುಕೊಳ್ಳುತ್ತದೆ.

2024ರ ಮೇಯಲ್ಲಿ ಎರಡು ವಾರ ನೀರು ಮತ್ತೆ ಸಣ್ಣಗೆ ಉಪ್ಪಾಯಿತು. ಒಮ್ಮೆ ದಾರಿ ಮಾಡಿಕೊಂಡ ಉಪ್ಪು ಒಂದೇ ಮಳೆಗಾಲಕ್ಕೆ ಹಿಂದೆ ಹೋಗುವುದಿಲ್ಲ ಎಂದು ತಿಳಿಯಿತು. ಮತ್ತೆ ಸ್ಕೂಟರು, ಮತ್ತೆ ಕ್ಯಾನು. ಮರುವರ್ಷ ಮೇ ಬಂದಾಗ ಆಯಿ ದಿನಾ ಬೆಳಿಗ್ಗೆ ಮೊದಲ ಕೊಡ ಸೇದಿ, ಅಂಗೈಯಲ್ಲಿ ನೀರು ಹಿಡಿದು ನಾಲಿಗೆಗೆ ಮುಟ್ಟಿಸಿ ನೋಡತೊಡಗಿದಳು. ನಾವು ಹಲ್ಲುಜ್ಜುತ್ತ ಆಕೆಯ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದೆವು. ರೋಹಿಣಿ ಮಳೆಯವರೆಗೂ ಆಕೆ ಏನೂ ಹೇಳಲಿಲ್ಲ. ಹೇಳಲು ಏನೂ ಇರಲಿಲ್ಲ, ನೀರು ನೀರಿನಂತೆಯೇ ಇತ್ತು.

ಮಳೆ ಹಿಡಿದ ಮೊದಲ ಸಂಜೆ ಕಾಕಿ ನಮ್ಮನ್ನು ಚಹಾಕ್ಕೆ ಕರೆದಳು. ನಮ್ಮ ಮುಂದೆ ಲೋಟ ಇಟ್ಟು, "ಸಕ್ಕರೆ ಕಡಿಮೆಯಾದರೆ ಹೇಳ್ರೇ" ಎಂದಳು. ಸಕ್ಕರೆ ಸ್ವಲ್ಪ ಕಡಿಮೆಯೇ ಇತ್ತು. ನಾವು ಹೇಳಲಿಲ್ಲ.