ಕಾರಿನಡಿಯ ಒಂದು ರಬ್ಬರ್ ತುಂಡು

ಮಗಳ ಕೈಗೆ ಡ್ರೈವಿಂಗ್ ಲೈಸೆನ್ಸ್ ಬಂದ ದಿನದಿಂದ ನಮ್ಮ ಮಾರುತಿ 800ರ ಮೇಲೆ ನನಗೆ ಅನುಮಾನ ಶುರುವಾಯಿತು. 2014ರಲ್ಲೇ ತಯಾರಿಕೆ ನಿಂತ ಗಾಡಿ. ನಾನೊಬ್ಬನೇ ಓಡಿಸುತ್ತಿದ್ದಾಗ ಸ್ಟೇರಿಂಗ್ ಸಡಿಲವಿದ್ದರೂ ‘ಹಳೇದು, ಇರುತ್ತದೆ’ ಎಂದು ಸುಮ್ಮನಿದ್ದೆ. ಆದರೆ ಕೋಗಿಲಬನದಿಂದ ಹಳಿಯಾಳದ ಕಾಲೇಜಿಗೆ ಅವಳೇ ಓಡಿಸಿಕೊಂಡು ಹೋಗುವುದೆಂದರೆ? ಅದೇ ವಾರ, ಎದುರಿಗೆ ಲಾರಿ ಬಂತೆಂದು ಬ್ರೇಕ್ ಒತ್ತಿದಾಗ ಕಾರು ತಾನಾಗಿ ಎಡಕ್ಕೆ ಎಳೆಯಿತು. ಮನೆ ಮುಟ್ಟುವವರೆಗೆ ಹೆಂಡತಿ ಮಾತಾಡಲಿಲ್ಲ.

ಸ್ಟೇರಿಂಗ್ ಬಾಕ್ಸೇ ಹೋಗಿದೆ ಎಂದು ತೀರ್ಮಾನಿಸಿದ್ದೆ. ದಾಂಡೇಲಿಯಲ್ಲಿ ಗ್ಯಾರೇಜ್ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ ಸ್ಟೇರಿಂಗ್ ಮುಟ್ಟಲೇ ಇಲ್ಲ. ಕಾರಿನಡಿ ತೂರಿ, ಸಲಾಕೆಯಿಂದ ಮುಂದಿನ ಲೋವರ್ ಆರ್ಮನ್ನು ಮೀಟಿ, “ಸರ್, ಬುಷ್ ಹೋಗ್ಯಾವ್ರಿ” ಎಂದ.

ಈ ಕಾರಿನ ಮುಂದಿನ ಚಕ್ರವನ್ನು ಮೇಲಿನಿಂದ ಹಿಡಿದಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಆ ಹೆಸರಿನ ಅಮೆರಿಕದ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ್ದು. ಕೆಳಗೆ ಅಡ್ಡಲಾಗಿ ಒಂದು ಆರ್ಮ್. ಅದು ಹಿಂದೆಮುಂದೆ ಜರುಗದಂತೆ ತಡೆಯುವುದು ಸ್ಟೆಬಿಲೈಸರ್ ಬಾರ್. ಇವುಗಳ ಕೀಲುಗಳಲ್ಲಿ ರಬ್ಬರ್ ಬುಷ್. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದನ್ನು ನೋಡಿದ್ದೀರಲ್ಲ? ಕಾರಿನ ಚಕ್ರಕ್ಕೂ ಅಂಥದೇ ಓರೆ ಉಂಟು, ಕ್ಯಾಸ್ಟರ್ ಎನ್ನುತ್ತಾರೆ. ತಿರುಗಿಸಿದ ಚಕ್ರ ತಾನಾಗಿ ನೇರಕ್ಕೆ ಮರಳುವುದು ಅದರಿಂದ. ಬುಷ್ ಸವೆದರೆ ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಸರಿದು ಆ ಕೋನವೇ ಬದಲಾಗುತ್ತದೆ. ಎರಡು ಬದಿಯೂ ಒಂದೇ ಸಮ ಸವೆಯುವುದಿಲ್ಲವಾದ್ದರಿಂದ ಕಾರು ಒಂದು ಕಡೆಗೆ ಎಳೆಯುತ್ತದೆ. ಸೀಟ್ ಕವರಿಗೂ ಸ್ಟೀರಿಯೋಗೂ ದುಡ್ಡು ಸುರಿಯುವ ನಾವು ಕಾರಿನಡಿ ಬಗ್ಗಿ ನೋಡುವುದೇ ಇಲ್ಲ.

ಬದಲಿಸುವುದಾದರೆ ಇನ್ನೂ ಒಳ್ಳೆಯದನ್ನೇ ಹಾಕೋಣವೆಂದು ಪಾಲಿಯುರೆಥೇನ್ ಬುಷ್ ತರಿಸಿದೆ. ರಬ್ಬರಿಗಿಂತ ಗಟ್ಟಿ, ಸ್ಟೇರಿಂಗಿಗೆ ಚಕ್ರ ಕೂಡಲೇ ಓಗೊಡುತ್ತದೆ. ಹುಡುಗ ತಲೆಯಾಡಿಸಿದ: “ಎಲ್ಲಾ ಕಡೆ ಗಟ್ಟಿ ಹಾಕಿದ್ರ ತಗ್ಗಿನ ಪೆಟ್ಟೆಲ್ಲ ಕೈಗೇ ಬರ್ತಾವ್ರಿ.” ಕೊನೆಗೆ ಬಾರಿಗೆ ಪಾಲಿಯುರೆಥೇನ್, ಆರ್ಮಿಗೆ ಹೊಸ ರಬ್ಬರ್ ಎಂದು ರಾಜಿಯಾಯಿತು.

ಬೋಲ್ಟ್ ನಾನೇ ಬಿಗಿಯಬೇಕೆಂಬ ಹಟ ನನ್ನದು. ಸ್ಟ್ಯಾಂಡಿನ ಮೇಲಿದ್ದ ಕಾರಿನಡಿ ಮಲಗಿ ಸ್ಪಾನರ್ ತಿರುಗಿಸುತ್ತಿದ್ದಂತೆ ಆತ ಕೂಗಿದ: “ಸರ್, ಗಾಡಿ ಭಾರ ಚಕ್ರದ ಮ್ಯಾಲ ಬರೂತನಕ ಬಿಗಿ ಮಾಡಬ್ಯಾಡ್ರಿ!”

ಕಾರಣವಿದೆ. ಆರ್ಮಿನ ಬುಷ್‌ನಲ್ಲಿ ರಬ್ಬರು ಒಳಗಿನ ಲೋಹದ ಕೊಳವೆಗೆ ಅಂಟಿರುತ್ತದೆ. ಆರ್ಮ್ ಮೇಲೆ ಕೆಳಗೆ ಆಡುವಾಗ ಅದು ಜಾರುವುದಿಲ್ಲ, ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಚಕ್ರ ಜೋತಾಡುತ್ತಿರುವಾಗಲೇ ಬಿಗಿದುಬಿಟ್ಟರೆ, ಕಾರು ನೆಲಕ್ಕಿಳಿದ ಮೇಲೆ ರಬ್ಬರು ನಿಂತಲ್ಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ವರ್ಷವರ್ಷವೂ ಸ್ಥಿತಿಸ್ಥಾಪಕತೆಯ ಪಾಠ ಮಾಡಿದವನಿಗೆ ಇದು ಹೊಳೆದಿರಲಿಲ್ಲ. ವಿಜ್ಞಾನದಲ್ಲಿ ಇವನಿಗೆ ನಾನು ಕೊಟ್ಟಿದ್ದ ಅಂಕ ನೆನಪಾಗಿ, ಸ್ಪಾನರನ್ನು ಸುಮ್ಮನೆ ಅವನ ಕೈಗಿತ್ತೆ.

ವ್ಹೀಲ್ ಅಲೈನ್‌ಮೆಂಟೂ ಆಯಿತು. ಸ್ಟೇರಿಂಗ್ ಹಗುರವೇನೂ ಆಗಲಿಲ್ಲ. ಆದರೆ ಟಾರು ಎಲ್ಲಿ ಮುಗಿಯಿತು, ಮಣ್ಣು ಎಲ್ಲಿ ಶುರುವಾಯಿತು ಎಂದು ಈಗ ಅಂಗೈಗೆ ಗೊತ್ತಾಗುತ್ತದೆ. ಹೊಸ ಬುಷ್ ಒಂದೆರಡು ದಿನ ಕಿರುಗುಟ್ಟಿತು; ಗ್ರೀಸ್ ಹಚ್ಚಿದ ಮೇಲೆ ಸುಮ್ಮನಾಯಿತು.

ಮೊದಲ ದಿನ ಮಗಳ ಎಡಕ್ಕೆ ನಾನು ಕೂತಿದ್ದೆ. ಹಳಿಯಾಳದ ದಾರಿಯಲ್ಲಿ ಮತ್ತೊಂದು ಲಾರಿ. ಅವಳು ಬ್ರೇಕ್ ಒತ್ತಿದಳು. ಕಾರು ಗೆರೆ ಎಳೆದ ಹಾಗೆ ನೇರ ನಿಂತಿತು.

“ಅಪ್ಪಾ, ನಿಮ್ಮ ಕಡೆ ಬ್ರೇಕ್ ಇಲ್ಲ. ಕಾಲು ತೆಗೀರಿ, ಮ್ಯಾಟ್ ಹರೀತದ” ಎಂದಳು.