ಗಿಡುಗಗಳ ಬೆಟ್ಟದಲ್ಲಿ

2019ರ ಸೆಪ್ಟೆಂಬರಿನಲ್ಲಿ ನಾವು ದಂಪತಿಗಳು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿರುವ ಮಗಳ ಮನೆಯಲ್ಲಿದ್ದೆವು. ಒಂದು ಭಾನುವಾರ ಅಳಿಯಂದಿರು, "ಮಾವ, ಹದ್ದು ನೋಡಲು ಹೋಗೋಣವೇ?" ಎಂದಾಗ ನನಗೆ ನಗು ಬಂತು. ನಮ್ಮೂರಿನಲ್ಲಿ ಮಾಂಸದಂಗಡಿಯ ಎದುರು ನಿಂತರೆ ಬೇಕಾದಷ್ಟು ಹದ್ದುಗಳು ಕಾಣುತ್ತವೆ. ಅದಕ್ಕಾಗಿ ಎರಡು ಗಂಟೆ ಕಾರಿನಲ್ಲಿ ಕೂರಬೇಕೆ? ಆದರೂ ಹೊರಟೆ.

ಆ ಸ್ಥಳದ ಹೆಸರು ಹಾಕ್ ಮೌಂಟನ್, ಅಂದರೆ ಗಿಡುಗಗಳ ಬೆಟ್ಟ. ಮಂಡಿನೋವಿರುವ ನನ್ನ ಶ್ರೀಮತಿಯವರು ಹತ್ತಿರದ ದಕ್ಷಿಣ ವೀಕ್ಷಣಾ ಸ್ಥಳದಲ್ಲಿಯೇ ಮಗಳೊಂದಿಗೆ ಕುಳಿತರು. ನಾನು, ಅಳಿಯಂದಿರು ಮತ್ತು ಮೊಮ್ಮಗಳು ಕಲ್ಲುದಾರಿಯಲ್ಲಿ ಸುಮಾರು ಒಂದು ಮೈಲಿ ನಡೆದು ಉತ್ತರದ ಬಂಡೆಯನ್ನು ತಲುಪಿದೆವು. ಅಲ್ಲಿ ಹತ್ತಾರು ಜನರು ದುರ್ಬೀನು ಹಿಡಿದು, ಬುತ್ತಿ ಬಿಚ್ಚಿಕೊಂಡು ಆಕಾಶ ನೋಡುತ್ತ ಕುಳಿತಿದ್ದರು. ಯಾರೂ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ. ಪರೀಕ್ಷಾ ಕೊಠಡಿಯಲ್ಲಿ ಕೂಡ ಅಂಥ ಮೌನವನ್ನು ನಾನು ಕಂಡಿದ್ದು ಕಡಿಮೆ!

ಸುಮಾರು ಹನ್ನೊಂದು ಗಂಟೆಗೆ ಯಾರೋ ಕೈ ತೋರಿಸಿದರು. ಮೊದಲು ನನಗೆ ಧೂಳಿನ ಕಣಗಳಂತೆ ಕಂಡವು. ದುರ್ಬೀನಿನಲ್ಲಿ ನೋಡಿದರೆ ನೂರಕ್ಕೂ ಹೆಚ್ಚು ಗಿಡುಗಗಳು ರೆಕ್ಕೆ ಬಡಿಯದೆ ಸುತ್ತುತ್ತ ಸುತ್ತುತ್ತ ಮೇಲೇರುತ್ತಿದ್ದವು. ತುದಿ ಮುಟ್ಟಿದೊಡನೆ ಒಂದೊಂದಾಗಿ ಸಾಲು ಹಿಡಿದು ನೈಋತ್ಯಕ್ಕೆ ಜಾರಿಹೋದವು. ಅವು ಬ್ರಾಡ್‌ವಿಂಗ್ಡ್ ಹಾಕ್ ಎಂಬ ಅಗಲ ರೆಕ್ಕೆಯ ಗಿಡುಗಗಳು. ಚಳಿಗಾಲಕ್ಕೆ ಮಧ್ಯ ಮತ್ತು ದಕ್ಷಿಣ ಅಮೆರಿಕಕ್ಕೆ ಹೋಗುತ್ತವೆ. ಬಿಸಿಲಿಗೆ ಕಾದ ಗಾಳಿ ಮೇಲೇಳುವಾಗ ಅದನ್ನೇ ಏಣಿ ಮಾಡಿಕೊಳ್ಳುತ್ತವೆ. ಕಿಟಟಿನಿ ಎಂಬ ಆ ಉದ್ದನೆಯ ಬೆಟ್ಟಸಾಲಿಗೆ ಬಡಿದು ಮೇಲೇರುವ ಗಾಳಿಯೂ ಹೀಗೆಯೇ ಹಲವು ಜಾತಿಯ ಹಕ್ಕಿಗಳನ್ನು ಹೊರುತ್ತದೆ. ಬೀಕರಿನ ನೀರಿನಲ್ಲಿ ಪೊಟ್ಯಾಷಿಯಂ ಪರ್ಮಾಂಗನೇಟಿನ ಹರಳು ಹಾಕಿ ಮೂವತ್ತು ವರ್ಷ ಸಂವಹನದ ಪಾಠ ಮಾಡಿದವನು ನಾನು. ಆ ಪಾಠವನ್ನು ಆಕಾಶದಲ್ಲಿ ಕಂಡದ್ದು ಅಂದೇ.

ಆ ಬೆಟ್ಟಕ್ಕೆ ಇನ್ನೊಂದು ಚರಿತ್ರೆಯೂ ಇದೆ. ಹಿಂದೆ ಪ್ರತಿ ಶರತ್ಕಾಲದಲ್ಲಿ ಜನರು ಇದೇ ಬಂಡೆಗಳ ಬಳಿ ನಿಂತು, ಹಾರಿಹೋಗುವ ಗಿಡುಗಗಳನ್ನು ಕೋವಿಯಿಂದ ಹೊಡೆಯುತ್ತಿದ್ದರು. ಅವು ಕೋಳಿಗಳ ಮತ್ತು ಬೇಟೆಯ ಪ್ರಾಣಿಗಳ ಶತ್ರು ಎಂದು ಎಲ್ಲರೂ ನಂಬಿದ್ದ ಕಾಲವದು. ಗಾಸ್‌ಹಾಕ್ ಎಂಬ ಗಿಡುಗವನ್ನು ಕೊಂದು ತಂದವರಿಗೆ ಸರ್ಕಾರವೇ 5 ಡಾಲರ್ ಕೊಡುತ್ತಿತ್ತು. 1932ರಲ್ಲಿ ರಿಚರ್ಡ್ ಪೋ ಎಂಬುವರು ಸತ್ತ ಗಿಡುಗಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ ಛಾಯಾಚಿತ್ರ ತೆಗೆದರು. ಆ ಚಿತ್ರಗಳನ್ನು ಕಂಡ ರೋಸಲೀ ಎಡ್ಜ್ ಎಂಬ ನ್ಯೂಯಾರ್ಕಿನ ಮಹಿಳೆ 1934ರಲ್ಲಿ ಬೆಟ್ಟವನ್ನೇ ಗುತ್ತಿಗೆಗೆ ಪಡೆದು, ಮಾರಿಸ್ ಬ್ರೌನ್ ಎಂಬುವರನ್ನು ಕಾವಲಿಗೆ ನೇಮಿಸಿದರು. ಕೋವಿಗಳು ನಿಂತವು. ಬ್ರೌನ್ ಹಕ್ಕಿಗಳನ್ನು ಎಣಿಸಲಾರಂಭಿಸಿದರು. ಮರಿ ಬೋಳುಹದ್ದುಗಳು ಕಡಿಮೆಯಾಗುತ್ತಿರುವುದನ್ನು ತೋರಿಸಲು ರೇಚಲ್ ಕಾರ್ಸನ್ 1962ರ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕದಲ್ಲಿ ಬಳಸಿದ್ದು ಈ ಲೆಕ್ಕವನ್ನೇ. ಅಮೆರಿಕದಲ್ಲಿ ಡಿ.ಡಿ.ಟಿ.ಗೆ ನಿಷೇಧ ಬಂದದ್ದು 1972ರಲ್ಲಿ.

ಆ ಹಳೆಯ ಛಾಯಾಚಿತ್ರದ ಕಥೆ ಕೇಳುತ್ತಿದ್ದಂತೆ ನನಗೆ 1986ರ ಒಂದು ಬೆಳಗು ನೆನಪಾಯಿತು. ಎಂಟನೆಯ ತರಗತಿಯ ಹುಡುಗನೊಬ್ಬ ಕವಣೆಯಿಂದ ಹೊಡೆದ ಬಿಜ್ಜುವನ್ನು ಟವಲಿನಲ್ಲಿ ಸುತ್ತಿ ತಂದಿದ್ದ. ಅವರ ಮನೆಯ ಕೋಳಿಮರಿಗಳನ್ನು ಅದು ಹಿಡಿಯುತ್ತಿತ್ತಂತೆ. ನಾನು "ಶಹಬ್ಬಾಸ್!" ಎಂದೆ. ಹಕ್ಕಿಯನ್ನು ಮೇಜಿನ ಮೇಲಿಟ್ಟು, ಮಕ್ಕಳನ್ನು ಸುತ್ತ ನಿಲ್ಲಿಸಿ, ಕೊಕ್ಕು ಮತ್ತು ಉಗುರುಗಳ ಹೊಂದಾಣಿಕೆಯನ್ನು ಉತ್ಸಾಹದಿಂದ ವಿವರಿಸಿದೆ. ಪಾಠದ ನಡುವೆ ಹುಡುಗಿಯೊಬ್ಬಳು, "ಸಾರ್, ಕಣ್ಣು ಬಿಡ್ತಿದೆ" ಎಂದಳು. ನಿಜ, ಹಕ್ಕಿಗೆ ಇನ್ನೂ ಪ್ರಾಣವಿತ್ತು. ಆ ಹಳದಿ ಕಣ್ಣು ನನ್ನನ್ನೇ ನೋಡುತ್ತಿತ್ತು. ನಾನು ಪಾಠ ನಿಲ್ಲಿಸಲಿಲ್ಲ. ಗಂಟೆ ಹೊಡೆಯುವಷ್ಟರಲ್ಲಿ ಅದು ಸತ್ತಿತ್ತು. ಆ ವಾರ ತನಿಖೆಗೆ ಬಂದ ಅಧಿಕಾರಿಗಳು, ಪಾಠೋಪಕರಣದ ಬಳಕೆ ಚೆನ್ನಾಗಿದೆಯೆಂದು ಮೆಚ್ಚಿದರು.

ಬಂಡೆಯ ಮೇಲೆ ಸುಮ್ಮನೆ ಕುಳಿತಿದ್ದ ನನ್ನನ್ನು ಮೊಮ್ಮಗಳು, "ಅಜ್ಜ, ನಿಮ್ಮ ಸ್ಕೂಲಿನ ಹತ್ತಿರ ಹಾಕ್ ಇತ್ತಾ?" ಎಂದು ಕೇಳಿದಳು.

"ಒಂದು ಇತ್ತು ಪುಟ್ಟಿ" ಎಂದೆ.

ಅವಳು ಕಥೆ ಕೇಳಲು ಹತ್ತಿರ ಸರಿದು ಕುಳಿತಳು. ಹುಡುಗ, ಟವಲು, ಹಳದಿ ಕಣ್ಣು, ಎಲ್ಲವನ್ನೂ ಹೇಳಿದೆ. ಶಹಬ್ಬಾಸ್ ಎಂದದ್ದನ್ನು ಮಾತ್ರ ಹೇಳಲಿಲ್ಲ. ಅದನ್ನು ಇಲ್ಲಿ ಬರೆದಿದ್ದೇನೆ.